ಅಪ್ಪನ ಕ್ರಿಯಾಟಿನಿನ್ 1.7: ಇಳಿವಯಸ್ಸಿನಲ್ಲಿ ಕಿಡ್ನಿ ಕಾಯಿಲೆಯನ್ನು ಮುಂದಕ್ಕೆ ತಳ್ಳುವುದು ಯಾವುದು?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ನಿವೃತ್ತ ಶಿಕ್ಷಕರು, ಹಾಸನದ ಹತ್ತಿರದ ಹಳ್ಳಿಯಲ್ಲಿದ್ದಾರೆ. ತೂಕ 58 ಕೆ.ಜಿ. ಶುಗರ್ 15 ವರ್ಷದಿಂದ ಇದೆ, ಬಿಪಿ ಅದಕ್ಕೂ ಮೊದಲಿನಿಂದ. ಎರಡು ವರ್ಷದ ಹಿಂದೆ ಕ್ರಿಯಾಟಿನಿನ್ 1.4 ಇತ್ತು. ಕಳೆದ ವರ್ಷ ವಾಂತಿ-ಭೇದಿಯಾಗಿ ಆಸ್ಪತ್ರೆ ಸೇರಿದಾಗ 2.6ಕ್ಕೆ ಏರಿ ಮತ್ತೆ ಇಳಿಯಿತು. ಆಮೇಲೆ ಹತ್ತು ತಿಂಗಳಿಂದ 1.6, 1.7ರಲ್ಲೇ ಇದೆ. ಮೂತ್ರದ ರಿಪೋರ್ಟಿನಲ್ಲಿ 'ಅಲ್ಬುಮಿನ್ ಟ್ರೇಸ್', ಸ್ಕ್ಯಾನಿಂಗ್‌ನಲ್ಲಿ 'ಗ್ರೇಡ್ 1 ರೀನಲ್ ಪ್ಯಾರೆಂಕೈಮಲ್ ಚೇಂಜಸ್' ಎಂದು ಬರೆದಿದ್ದಾರೆ. ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ, ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಮಂಡಿ ನೋವು ಜಾಸ್ತಿಯಾದಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಾರೆ. ನೆಂಟರು ಹೇಳಿದರೆಂದು ಬೇಳೆ, ಹಾಲು, ಮೊಟ್ಟೆ ನಿಲ್ಲಿಸಿದ್ದೇವೆ. ದಿನಕ್ಕೊಂದು ಎಳನೀರು, ನಾಲ್ಕು ಲೀಟರ್ ನೀರು ಕೊಡುತ್ತಿದ್ದೇವೆ. ಬಿಪಿ ಮಾತ್ರೆಯಿಂದಲೇ ಕಿಡ್ನಿ ಹಾಳಾಗುವುದು, ಅದನ್ನು ಬಿಡುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದಾರೆ. ಇನ್ನೆಷ್ಟು ದಿನಕ್ಕೆ ಡಯಾಲಿಸಿಸ್ ಬೇಕಾಗುತ್ತದೆ? ಯಾವುದರಿಂದ ಬೇಗ ಕೆಡುತ್ತದೆ, ತಡೆಯಲು ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಕಳೆದ ವರ್ಷದ 2.6. ಈಗಿನ 1.7ರ ಅರ್ಥವೂ ಅದರಲ್ಲೇ ಇದೆ.

ಮೊದಲು ಲೆಕ್ಕ ನೋಡೋಣ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯ. ಹಾಗಾಗಿ ಒಂದೇ ಅಂಕಿಗೆ ಎಲ್ಲರಲ್ಲೂ ಒಂದೇ ಅರ್ಥವಿಲ್ಲ. 25ರ ಯುವಕನಿಗೆ 1.2 ಬಂದರೆ ಅವನ ಕಿಡ್ನಿ ನಿಮಿಷಕ್ಕೆ ಸುಮಾರು 86 ಮಿ.ಲೀ. ರಕ್ತ ಸೋಸುತ್ತಿದೆ ಎಂದರ್ಥ. ಅದೇ 1.2 ನಿಮ್ಮ ತಂದೆಯ ವಯಸ್ಸಿನ ಹೆಂಗಸಿಗೆ ಬಂದರೆ ಸೋಸುವುದು 47ರಷ್ಟು ಮಾತ್ರ. ಲ್ಯಾಬಿನವರು ಇಜಿಎಫ್‌ಆರ್ ಎಂದು ಬರೆಯುವುದು ಈ ಅಂಕಿಯನ್ನೇ. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ, ಕ್ರಿಯಾಟಿನಿನ್ ಒಂದನ್ನೇ ಹಿಡಿದುಕೊಂಡು ಕೂರಬೇಡಿ. ಇಜಿಎಫ್‌ಆರ್ ಲೆಕ್ಕ ಹಾಕುವ 2021ರ ಸೂತ್ರದಲ್ಲಿ ಹಾಕಿದರೆ ನಿಮ್ಮ ತಂದೆಯವರ ಹಳೆಯ 1.4 ಎಂದರೆ ಸುಮಾರು 53, ಈಗಿನ 1.7 ಎಂದರೆ 42.

ಎರಡು ವರ್ಷದಲ್ಲಿ 11 ಕುಸಿದಿದೆ. ವರ್ಷಕ್ಕೆ 5ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಅದನ್ನು ವೇಗದ ಇಳಿತ ಎನ್ನುತ್ತೇವೆ. ಮೊದಲ ಮತ್ತು ಕೊನೆಯ ರಿಪೋರ್ಟ್ ಮಾತ್ರ ನೋಡಿದವರು ನಿಮ್ಮನ್ನು ಹೆದರಿಸಿದರೆ ಆಶ್ಚರ್ಯವಿಲ್ಲ. ಆದರೆ ನಡುವಿನ ಅಂಕಿಗಳನ್ನೂ ಸಾಲಾಗಿ ಇಟ್ಟು ನೋಡಿ: 1.4, 2.6, 1.7, ಆಮೇಲೆ ಹತ್ತು ತಿಂಗಳು ಅಲ್ಲೇ. ಕಿಡ್ನಿ ದಿನದಿನಕ್ಕೆ ಸವೆಯುತ್ತಿಲ್ಲ. ಒಂದು ವಾರದಲ್ಲಿ ಪೆಟ್ಟು ತಿಂದಿತು, ಪೂರ್ತಿ ಚೇತರಿಸಿಕೊಳ್ಳಲಿಲ್ಲ, ಅಲ್ಲಿಗೆ ನಿಂತಿದೆ. ವಯಸ್ಸಾದವರಲ್ಲಿ ಈ ಕಾಯಿಲೆ ಎಷ್ಟೋ ಸಲ ಇಳಿಜಾರಿನಂತೆ ಇಳಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೆಟ್ಟಿಲು ಬೀಳುವುದಕ್ಕೆ ಬಹುಪಾಲು ಒಂದು ಕಾರಣ ಇದ್ದೇ ಇರುತ್ತದೆ, ಆ ಕಾರಣಗಳಲ್ಲಿ ಹಲವನ್ನು ಮನೆಯಲ್ಲೇ ತಡೆಯಬಹುದು. ನಿಮ್ಮ ಪ್ರಶ್ನೆಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಬರೀ ವಯಸ್ಸಿನಿಂದಾಗುವ ಇಳಿತ ನಿಧಾನದ್ದು. ನಲವತ್ತು ದಾಟಿದ ಮೇಲೆ ಆರೋಗ್ಯವಂತರಲ್ಲೂ ವರ್ಷಕ್ಕೆ ಸುಮಾರು 1ರಂತೆ ಕಡಿಮೆಯಾಗುತ್ತಾ ಹೋಗುತ್ತದೆ. ನಿಮ್ಮ ತಂದೆಗೆ ಇನ್ನು ಅಷ್ಟೇ ಇಳಿತವಾದರೆ ಹತ್ತು ವರ್ಷದ ನಂತರವೂ ಮೂವತ್ತರ ಆಸುಪಾಸಿನಲ್ಲಿರುತ್ತಾರೆ. ಡಯಾಲಿಸಿಸ್ ಶುರುಮಾಡುವ ಮಾತು ಸಾಮಾನ್ಯವಾಗಿ ಬರುವುದು 10ರ ಕೆಳಗೆ. ಶುಗರ್, ಬಿಪಿ ಇರುವುದರಿಂದ ಇಷ್ಟು ನೆಮ್ಮದಿಯಾಗಿ ಇರಲಾಗುವುದಿಲ್ಲ, ನಿಜ. ಆದರೂ ನೀವು ಭಯಪಟ್ಟಷ್ಟು ಹತ್ತಿರದಲ್ಲಿ ಡಯಾಲಿಸಿಸ್ ಇಲ್ಲ.

ಈಗ ಕಳೆದ ವರ್ಷದ ಆ ವಾರಕ್ಕೆ ಬರೋಣ. ಕಿಡ್ನಿಯ ಒಂದೊಂದು ಜರಡಿಗೂ ರಕ್ತ ಒಳಬರುವ ಸಣ್ಣ ನಾಳ ಒಂದು, ಹೊರಹೋಗುವ ನಾಳ ಇನ್ನೊಂದು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ತನ್ನನ್ನು ಕಾಪಾಡಿಕೊಳ್ಳಲು ಒಳಬರುವ ನಾಳವನ್ನು ಹಿಗ್ಗಿಸುತ್ತದೆ, ಹೊರಹೋಗುವ ನಾಳವನ್ನು ಬಿಗಿಮಾಡುತ್ತದೆ. ಹಾಗೆ ಒಳಗಿನ ಒತ್ತಡ ಉಳಿದು ಸೋಸುವ ಕೆಲಸ ನಡೆಯುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಒಳನಾಳ ಹಿಗ್ಗುವುದನ್ನು ತಡೆಯುತ್ತವೆ. ಟೆಲ್ಮಿಸಾರ್ಟಾನ್ ಹೊರನಾಳವನ್ನು ಸಡಿಲಿಸುತ್ತದೆ. ಹೈಡ್ರೋಕ್ಲೋರೋಥಯಜೈಡ್ ಮೂತ್ರ ಹೆಚ್ಚಿಸಿ ನೀರನ್ನು ಇನ್ನಷ್ಟು ಹೊರಹಾಕುತ್ತದೆ. ಆರೋಗ್ಯವಾಗಿರುವ ದಿನ ಕೊನೆಯ ಎರಡೂ ಒಳ್ಳೆಯ ಔಷಧಿಗಳೇ. ವಾಂತಿ-ಭೇದಿಯ ದಿನ ಇವೆರಡರ ಮೇಲೆ ಮಂಡಿ ನೋವಿಗೊಂದು ಮಾತ್ರೆಯೂ ಬಿದ್ದರೆ ಕಿಡ್ನಿಗೆ ತಪ್ಪಿಸಿಕೊಳ್ಳಲು ದಾರಿಯೇ ಉಳಿಯುವುದಿಲ್ಲ. ನಿಮ್ಮ ತಂದೆಯ ಔಷಧಿ ಪಟ್ಟಿಯಲ್ಲಿ ಮೂರೂ ಇವೆ. ಆ ವಾರ ಏನಾಯಿತೆಂದು ನಾನು ಕಂಡಿಲ್ಲ. ಆದರೆ ಮುಂದಿನ ಸಲ ಹಾಗಾಗದಂತೆ ನೋಡಿಕೊಳ್ಳುವುದು ಬೇರೆ ಯಾವ ಪಥ್ಯಕ್ಕಿಂತಲೂ ದೊಡ್ಡ ಕೆಲಸ.

ಅದಕ್ಕಾಗಿ ಎರಡು ಕೆಲಸ ಮಾಡಿ. ಡೈಕ್ಲೋಫೆನಾಕ್‌ನಂಥ ಈ ನೋವಿನ ಮಾತ್ರೆಗಳನ್ನು ಮನೆಯಿಂದ ಪೂರ್ತಿ ತೆಗೆದುಹಾಕಿ. 'ಒಂದೇ ಒಂದು ಇಂಜೆಕ್ಷನ್' ಎಂದು ಯಾರಾದರೂ ಕೊಡಲು ಬಂದರೆ ಕಿಡ್ನಿ ತೊಂದರೆಯಿದೆ ಎಂದು ಮೊದಲೇ ಹೇಳಿ. ಮಂಡಿ ನೋವು ಸಹಿಸಿಕೊಂಡಿರಿ ಎಂದು ನಾನು ಹೇಳುತ್ತಿಲ್ಲ, ನೋವಿನಿಂದ ಓಡಾಟ ನಿಂತರೆ ಅದೂ ಆಪತ್ತೇ. ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ದಿನಕ್ಕೆ ಎರಡು-ಮೂರು ಸಲ ಅವರಿಗೆ ಸಾಮಾನ್ಯವಾಗಿ ಸುರಕ್ಷಿತ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತು ಬಂದರೆ ಮನೆಯಲ್ಲೇ ಮಾಡಬಹುದು. ಎರಡನೆಯದು, ವಾಂತಿ, ಭೇದಿ, ಜೋರು ಜ್ವರ ಬಂದು ಊಟ-ನೀರು ಸೇರದ ದಿನ ಯಾವ ಮಾತ್ರೆ ನಿಲ್ಲಿಸಬೇಕು ಎಂದು ನಿಮ್ಮ ಡಾಕ್ಟರ ಕೈಯಲ್ಲೇ ಒಂದು ಚೀಟಿ ಬರೆಸಿ ಔಷಧಿ ಡಬ್ಬಿಯಲ್ಲಿಡಿ. ಸಾಮಾನ್ಯವಾಗಿ ಅದರಲ್ಲಿ ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಮಾತ್ರೆ, ಮೆಟ್‌ಫಾರ್ಮಿನ್ ಇರುತ್ತವೆ. ಊಟ ಸರಿಯಾಗಿ ಸೇರತೊಡಗಿದ ಒಂದೆರಡು ದಿನಕ್ಕೆ ಮತ್ತೆ ಶುರುಮಾಡಬೇಕು. ಮತ್ತೆ ಶುರುಮಾಡುವುದನ್ನೇ ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ, ಹಾಗಾಗಿ ಅದನ್ನೂ ಚೀಟಿಯಲ್ಲಿ ಬರೆಸಿ.

ನಾಟಿ ಔಷಧಿ, ಭಸ್ಮ, 'ಕಿಡ್ನಿ ತೊಳೆಯುವ' ಪುಡಿ ಇವೂ ಮೆಟ್ಟಿಲು ಬೀಳಿಸುತ್ತವೆ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಪುಡಿಯಲ್ಲಿ ಸೀಸ, ಪಾದರಸ ಸಿಕ್ಕಿರುವುದುಂಟು, ಕದ್ದು ಬೆರೆಸಿದ ನೋವಿನ ಔಷಧಿಯೂ ಸಿಕ್ಕಿರುವುದುಂಟು. ಕರಾವಳಿಯ ಓದುಗರಿಗೆ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಬಿಂಬುಳಿ ರಸವನ್ನು ಲೋಟಗಟ್ಟಲೆ ಕುಡಿದು ಕಿಡ್ನಿ ಏಕಾಏಕಿ ಕೈಕೊಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಅದರಲ್ಲಿರುವ ಆಕ್ಸಲೇಟ್ ಕಿಡ್ನಿಯೊಳಗೆ ಹರಳುಗಟ್ಟುತ್ತದೆ. ಧಾರೆಹುಳಿ ಹಣ್ಣೂ ಅಷ್ಟೇ, ಕಿಡ್ನಿ ದುರ್ಬಲವಿದ್ದವರಲ್ಲಿ ಅದು ಮಿದುಳನ್ನೂ ಕೆಡಿಸಬಲ್ಲದು.

ಇನ್ನು ನೀವು ಮಾಡಿಸಿಯೇ ಇಲ್ಲದ ಒಂದು ಪರೀಕ್ಷೆ. ಮುಂದಿನ ವರ್ಷಗಳು ಹೇಗಿರುತ್ತವೆ ಎಂದು ಹೇಳಲು ಕ್ರಿಯಾಟಿನಿನ್‌ನಷ್ಟೇ ಬೇಕಾದದ್ದು ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನಿನ ಅಳತೆ. 'ಟ್ರೇಸ್' ಎಂಬುದು ಪಟ್ಟಿ ಅದ್ದಿ ನೋಡಿದ ಅಂದಾಜು, ಅದನ್ನು ನಂಬಿ ಏನನ್ನೂ ಹೇಳಲಾಗದು. ಬೆಳಗಿನ ಮೂತ್ರದಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಎಸಿಆರ್ ಎನ್ನುತ್ತಾರೆ, ಅದನ್ನು ಮಾಡಿಸಿ. 30ರ ಒಳಗಿದ್ದರೆ ಒಳ್ಳೆಯದು, 30ರಿಂದ 300ರವರೆಗೆ ಎಚ್ಚರಿಕೆ, 300 ದಾಟಿದರೆ ಕಾಯಿಲೆ ಚುರುಕಾಗಿದೆ ಎಂದರ್ಥ. ಇದು ಎಷ್ಟು ವ್ಯತ್ಯಾಸ ಮಾಡುತ್ತದೆಂದು ಅಂಕಿಯಲ್ಲೇ ಹೇಳುತ್ತೇನೆ. ಕೆನಡಾದ ರೋಗಿಗಳ ಮಾಹಿತಿಯಿಂದ 2011ರಲ್ಲಿ ಕಟ್ಟಿದ ಒಂದು ಲೆಕ್ಕಾಚಾರ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ವಯಸ್ಸು, ಗಂಡೋ ಹೆಣ್ಣೋ, ಇಜಿಎಫ್‌ಆರ್, ಎಸಿಆರ್ ಈ ನಾಲ್ಕನ್ನು ಹಾಕಿದರೆ ಐದು ವರ್ಷದೊಳಗೆ ಕಿಡ್ನಿ ಪೂರ್ತಿ ಸೋಲುವ ಸಾಧ್ಯತೆ ಸಿಗುತ್ತದೆ. 74 ವರ್ಷ, 42ರ ಇಜಿಎಫ್‌ಆರ್ ಹಾಕಿ ನೋಡಿದೆ. ಎಸಿಆರ್ 20 ಇದ್ದರೆ ನೂರರಲ್ಲಿ ಒಬ್ಬರಿಗೆ, 1000 ಇದ್ದರೆ ನೂರರಲ್ಲಿ ಏಳೆಂಟು ಮಂದಿಗೆ. ನಮ್ಮ ಜನರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದೀತು. ಆದರೂ ಒಂದೇ ಕ್ರಿಯಾಟಿನಿನ್ ಇರುವ ಇಬ್ಬರು ಅಜ್ಜಂದಿರ ಮುಂದಿನ ದಾರಿ ಎಷ್ಟು ಬೇರೆ ಎಂಬುದು ಇದರಿಂದ ತಿಳಿಯುತ್ತದೆ. 'ಗ್ರೇಡ್ 1 ಚೇಂಜಸ್' ಬಗ್ಗೆ ಚಿಂತೆ ಬೇಡ. ಅದು ಸ್ಕ್ಯಾನಿಂಗ್‌ನಲ್ಲಿ ಕಂಡ ಬಣ್ಣದ ವಿವರಣೆ, ಕಾಯಿಲೆಯ ಹಂತವಲ್ಲ.

ಬಿಪಿ ಮಾತ್ರೆಯ ಬಗ್ಗೆ ನಿಮ್ಮ ತಂದೆಯವರಿಗೆ ಇದನ್ನು ದಯವಿಟ್ಟು ಓದಿ ಹೇಳಿ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಗುಂಪಿನ ಔಷಧಿ ಶುರುಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದು ನಿಜ, ಜರಡಿಯೊಳಗಿನ ಒತ್ತಡ ಇಳಿದದ್ದರ ಗುರುತು ಅದು. ನಾಲ್ಕು ವಾರದೊಳಗೆ ಶೇಕಡಾ 30ರವರೆಗಿನ ಏರಿಕೆಯನ್ನು ನಾವು ಒಪ್ಪುತ್ತೇವೆ. ಅಲ್ಬುಮಿನ್ ಸೋರುವ ಸಕ್ಕರೆ ಕಾಯಿಲೆಯವರಲ್ಲಿ ಈ ಗುಂಪಿನ ಔಷಧಿ ಕಿಡ್ನಿ ಸೋಲುವುದನ್ನು ಮುಂದೂಡುತ್ತದೆ ಎಂದು 2001ರಲ್ಲೇ ದೊಡ್ಡ ಅಧ್ಯಯನಗಳು ತೋರಿಸಿವೆ. ಕಿಡ್ನಿ ಬಹಳ ಕೆಟ್ಟ ಮೇಲೆ ಇವನ್ನು ನಿಲ್ಲಿಸಿದರೆ ಲಾಭವಾದೀತೇ ಎಂದು ಬ್ರಿಟನ್‌ನಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಲ್ಲಿಸಿದವರ ಕಿಡ್ನಿ ಉಳಿಯಲೂ ಇಲ್ಲ, ಸುಧಾರಿಸಲೂ ಇಲ್ಲ. ಕಿಡ್ನಿ ಕೆಟ್ಟವರೆಲ್ಲ ಬಿಪಿ ಮಾತ್ರೆ ನುಂಗುತ್ತಿರುತ್ತಾರೆ, ಅದಕ್ಕೇ ಮಾತ್ರೆಯ ಮೇಲೆ ಅಪವಾದ. ಕೆಡಿಸಿದ್ದು ಬಿಪಿ. ವರ್ಷಕ್ಕೆರಡು ಸಲ ಪೊಟ್ಯಾಸಿಯಂ ನೋಡಿಕೊಂಡು ಮುಂದುವರಿಸಲಿ.

ಬಿಪಿ ಎಷ್ಟಿರಬೇಕು ಎಂಬುದರಲ್ಲಿ ವಯಸ್ಸು ನೋಡಬೇಕು. ಮೇಲಿನ ಅಂಕಿ 120ರ ಒಳಗಿರಲಿ ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ, ಆದರೆ ಅದು ಐದು ನಿಮಿಷ ಸುಮ್ಮನೆ ಕೂರಿಸಿ ವಿಧಿವತ್ತಾಗಿ ಅಳೆದ ಬಿಪಿ. ಹಾಸಿಗೆಯಿಂದ ಎದ್ದ ಕೂಡಲೇ ತಲೆ ಸುತ್ತುವ ಹಿರಿಯರಿಗೆ ಅಷ್ಟು ಇಳಿಸಿ ಸೊಂಟ ಮುರಿಸುವುದು ಬೇಡ. ಕೂತಾಗ ಒಮ್ಮೆ, ನಿಂತು ಎರಡು-ಮೂರು ನಿಮಿಷಕ್ಕೆ ಒಮ್ಮೆ ಅಳೆಯಿರಿ. ನಿಂತಾಗ 20 ಅಥವಾ ಅದಕ್ಕಿಂತ ಹೆಚ್ಚು ಇಳಿಯದಿದ್ದರೆ 130ರ ಒಳಗಿಡುವುದು ನನ್ನ ಮಟ್ಟಿಗೆ ಸರಿಯಾದ ಗುರಿ.

ನಿಮ್ಮ ಪಟ್ಟಿಯಲ್ಲಿ ಕಾಣದ ಒಂದು ಗುಂಪಿನ ಔಷಧಿಯ ಬಗ್ಗೆ ಡಾಕ್ಟರನ್ನು ಕೇಳಿ: ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಶುಗರ್‌ಗೆಂದು ಬಂದ ಮಾತ್ರೆಗಳಿವು. 2020ರಲ್ಲಿ ಹೊರಬಂದ ಅಧ್ಯಯನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಿಡ್ನಿ ರೋಗಿಗಳಿದ್ದರು. ಡಾಪಾಗ್ಲಿಫ್ಲೋಜಿನ್ ಪಡೆದವರಲ್ಲಿ ಕಿಡ್ನಿ ಅರ್ಧಕ್ಕೆ ಕುಸಿಯುವುದು, ಸೋಲುವುದು, ಕಿಡ್ನಿ ಅಥವಾ ಹೃದಯದ ಕಾಯಿಲೆಯಿಂದ ಸಾಯುವುದು ಇವೆಲ್ಲ ಸೇರಿ ಶೇಕಡಾ 39ರಷ್ಟು ಕಡಿಮೆಯಾಯಿತು, ಶುಗರ್ ಇಲ್ಲದವರಿಗೂ ಲಾಭವಾಯಿತು. ನಮ್ಮಲ್ಲಿ ಪೇಟೆಂಟ್ ಮುಗಿದು ಬೆಲೆಯೂ ಕೈಗೆಟುಕುವಂತಾಗಿದೆ. ಶುರುವಿಗೆ ಇಜಿಎಫ್‌ಆರ್ ಸ್ವಲ್ಪ ಇಳಿದು ನಿಲ್ಲುತ್ತದೆ, ಗಾಬರಿ ಬೇಡ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಜನನಾಂಗದಲ್ಲಿ ಫಂಗಸ್ ಆಗಬಹುದು, ಸ್ವಚ್ಛತೆ ಮುಖ್ಯ. ಊಟ ಸೇರದ ದಿನ ನಿಲ್ಲಿಸುವ ಚೀಟಿಗೆ ಇದೂ ಸೇರಬೇಕು. ಇದನ್ನು ಕೊಡುವಾಗ ಹೈಡ್ರೋಕ್ಲೋರೋಥಯಜೈಡ್ ಬೇಕೇ ಎಂದು ಮತ್ತೆ ಯೋಚಿಸಬೇಕಾಗುತ್ತದೆ.

ಶುಗರ್ ವಿಷಯದಲ್ಲಿ ಒಂದು ಮೋಸ ಇದೆ. ಕಿಡ್ನಿ ಕುಗ್ಗಿದಂತೆ ಇನ್ಸುಲಿನ್, ಗ್ಲಿಮೆಪಿರೈಡ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. 'ಇತ್ತೀಚೆಗೆ ಶುಗರ್ ತಾನಾಗಿ ಕಂಟ್ರೋಲಿಗೆ ಬಂದಿದೆ' ಎಂದು ಮನೆಯವರು ಸಂತೋಷಪಡುತ್ತಿರುತ್ತಾರೆ. ಅಷ್ಟರಲ್ಲಿ ಒಂದು ಬೆಳಗಿನ ಜಾವ ಶುಗರ್ ಇಳಿದು ಪ್ರಜ್ಞೆ ತಪ್ಪುತ್ತದೆ. 74ರ ವಯಸ್ಸಿಗೆ ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 7ರಿಂದ 8ರ ಮಧ್ಯೆ ಇದ್ದರೆ ಸಾಕು. ಇಜಿಎಫ್‌ಆರ್ 45ರ ಕೆಳಗಿರುವುದರಿಂದ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ. ಮೀರಬಾರದು, 30ರ ಕೆಳಗಿಳಿದರೆ ನಿಲ್ಲಿಸಬೇಕು.

ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ಧಾರೆ ಸಣ್ಣದಾಗಿದೆಯೇ ಎಂದೂ ಕೇಳಿ. ಅಪ್ಪಂದಿರು ಮಕ್ಕಳ ಹತ್ತಿರ ಇದನ್ನು ಹೇಳಿಕೊಳ್ಳುವುದಿಲ್ಲ. ಪ್ರಾಸ್ಟೇಟ್ ದಪ್ಪವಾಗಿ ಮೂತ್ರ ಒಳಗೇ ಉಳಿಯುತ್ತಿದ್ದರೆ ಕಿಡ್ನಿಗೆ ಹಿಂದಿನಿಂದ ಒತ್ತಡ ಬೀಳುತ್ತದೆ. ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡಿಸಿದರೆ ಗೊತ್ತಾಗುತ್ತದೆ.

ಇನ್ನು ಊಟ. ಬೇಳೆ, ಹಾಲು, ಮೊಟ್ಟೆ ನಿಲ್ಲಿಸಿದ್ದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಪ್ರೋಟೀನ್ ಅತಿಯಾಗಬಾರದು ಎಂಬುದು ಸರಿ, ಆದರೆ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.8 ಗ್ರಾಂ ಬೇಕೇ ಬೇಕು. 58 ಕೆ.ಜಿ.ಯ ನಿಮ್ಮ ತಂದೆಗೆ 46 ಗ್ರಾಂ. ಮುದ್ದೆ, ಅನ್ನ, ಬೇಳೆ ಸಾರು, ಒಂದು ಲೋಟ ಹಾಲು ಅಥವಾ ಮೊಸರು, ಒಂದು ಮೊಟ್ಟೆ ಇಷ್ಟೆಲ್ಲ ತಿಂದರೂ ನಮ್ಮ ಹಳ್ಳಿಯ ಹಿರಿಯರಲ್ಲಿ ಹೆಚ್ಚಿನವರು ಆ ಮಿತಿ ದಾಟುವುದಿಲ್ಲ. ನಿಲ್ಲಿಸಿದರೆ ಆಗುವುದು ಏನೆಂದರೆ ತೊಡೆ, ತೋಳು ಕರಗುತ್ತವೆ. ಸ್ನಾಯು ಕರಗಿದರೆ ಕ್ರಿಯಾಟಿನಿನ್ ತಯಾರಾಗುವುದೇ ಕಡಿಮೆ. ಮುಂದಿನ ಸಲ 1.5 ಬರುತ್ತದೆ, ಪಥ್ಯ ಫಲಿಸಿತು ಎಂದು ಎಲ್ಲರೂ ಸಮಾಧಾನಪಡುತ್ತಾರೆ, ಆದರೆ ಕಿಡ್ನಿ ಇದ್ದಲ್ಲೇ ಇರುತ್ತದೆ. ತೂಕ ಇಳಿಯುತ್ತಾ ಕ್ರಿಯಾಟಿನಿನ್ ಕೂಡ ಇಳಿದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬೇಡಿ. ಅನುಮಾನ ಬಂದಲ್ಲಿ ಸಿಸ್ಟಾಟಿನ್-ಸಿ ಎಂಬ ರಕ್ತಪರೀಕ್ಷೆ ಇದೆ, ಅದು ಸ್ನಾಯುವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಈ ವಾರವೇ ಬೇಳೆ, ಹಾಲು ಮತ್ತೆ ಶುರುಮಾಡಿ.

ಕಡಿಮೆ ಮಾಡಬೇಕಾದದ್ದು ಉಪ್ಪು: ದಿನಕ್ಕೆ ಒಟ್ಟು 5 ಗ್ರಾಂ, ಒಂದು ಸಣ್ಣ ಚಮಚ. ಸಾರಿಗೆ ಹಾಕಿದ್ದು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿ ಎಲ್ಲ ಸೇರಿ ಅಷ್ಟು. ಸೈಂಧವ ಲವಣವೂ ಬಹುಪಾಲು ಅದೇ ಸೋಡಿಯಂ ಉಪ್ಪು, ಅದರಿಂದ ಲಾಭವಿಲ್ಲ. 'ಲೋ ಸೋಡಿಯಂ' ಎಂದು ಮಾರುವ ಉಪ್ಪಂತೂ ಬೇಡವೇ ಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವ ಕಿಡ್ನಿ ರೋಗಿಗೆ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನ ತೊಂದರೆಯೂ ಇದೇ. ರಕ್ತದ ಪೊಟ್ಯಾಸಿಯಂ ಎಷ್ಟೆಂದು ತಿಳಿಯುವವರೆಗೆ ದಿನದ ಎಳನೀರು ನಿಲ್ಲಿಸಿ. ಅದು ಸರಿಯಿದ್ದರೆ ಸೊಪ್ಪು, ಹಣ್ಣು ಬಿಡಿಸುವ ಅಗತ್ಯವಿಲ್ಲ.

ನಾಲ್ಕು ಲೀಟರ್ ನೀರಿನಿಂದ ಕಿಡ್ನಿ ತೊಳೆದುಹೋಗುವುದಿಲ್ಲ. ಹೆಚ್ಚು ನೀರು ಕುಡಿಸಿ ನೋಡಿದ ಕೆನಡಾದ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು, ಕಿಡ್ನಿಯ ಇಳಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಯಾರಿಕೆಗೆ ತಕ್ಕಷ್ಟು, ಒಂದೂವರೆಯಿಂದ ಎರಡು ಲೀಟರ್ ಸಾಕು. ಬಿಸಿಲುಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಇನ್ನೊಂದಿಷ್ಟು. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೇ ಕೇಳಿ ಕೊಡಬೇಕು. ಕಾಲು ಊದಿದ್ದರೆ, ಏದುಸಿರು ಇದ್ದರೆ ಲೆಕ್ಕ ಬೇರೆ, ಡಾಕ್ಟರ್ ಹೇಳಿದಷ್ಟೇ.

ಡಯಾಲಿಸಿಸ್ ಭಯದಲ್ಲಿ ಹೃದಯವನ್ನು ಮರೆಯಬೇಡಿ. ಅಮೆರಿಕದ ನಿವೃತ್ತ ಸೈನಿಕರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 65ರಿಂದ 84 ವಯಸ್ಸಿನವರಲ್ಲಿ ಇಜಿಎಫ್‌ಆರ್ 15ರ ಕೆಳಗೆ ಇಳಿಯುವವರೆಗೂ ಡಯಾಲಿಸಿಸ್‌ಗಿಂತ ಬೇರೆ ಕಾರಣದ ಸಾವೇ ಹೆಚ್ಚಾಗಿತ್ತು. ಕಿಡ್ನಿ ಕಾಯಿಲೆ ಇರುವವರಲ್ಲಿ ಅಂಥ ಕಾರಣಗಳಲ್ಲಿ ಮೊದಲು ನೆನೆಯಬೇಕಾದದ್ದು ಹೃದಯ. ಆದ್ದರಿಂದ ಕೊಲೆಸ್ಟ್ರಾಲ್‌ನ ಸ್ಟಾಟಿನ್ ಮಾತ್ರೆ ಬೇಕೇ ಎಂದು ಕೇಳಿ. ಬೀಡಿ, ಸಿಗರೇಟು ಇದ್ದರೆ ಇಂದೇ ನಿಲ್ಲಲಿ. ಹೃದಯ ದುರ್ಬಲವಾದರೆ ಕಿಡ್ನಿಗೆ ರಕ್ತ ಸಾಲದೆ ಅದೂ ಇನ್ನೊಂದು ಮೆಟ್ಟಿಲು ಇಳಿಯುತ್ತದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯನ್ನು ನಾನು ಕಿಡ್ನಿ ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ, ಒಂದು ದೊಡ್ಡ ಸೋಂಕು ತಪ್ಪಿದರೆ ಒಂದು ಮೆಟ್ಟಿಲು ತಪ್ಪಿದಂತೆ.

ಎಂದಾದರೂ ಡಯಾಲಿಸಿಸ್ ಮಾತು ಬಂದರೂ ಕ್ರಿಯಾಟಿನಿನ್ ಅಂಕಿ ನೋಡಿ ಅವಸರ ಮಾಡುವ ಅಗತ್ಯವಿಲ್ಲ. ಬೇಗ ಶುರುಮಾಡಿದವರು ಹೆಚ್ಚು ಕಾಲ ಬದುಕಲಿಲ್ಲ ಎಂದು ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ 2010ರ ಅಧ್ಯಯನ ತೋರಿಸಿತು. ಹಸಿವು ಸಾಯುವುದು, ಉಸಿರು ಕಟ್ಟುವುದು, ಔಷಧಿಗೆ ಬಗ್ಗದ ಪೊಟ್ಯಾಸಿಯಂ ಇಂಥವು ಕಂಡಾಗ ಆ ತೀರ್ಮಾನ. ತೀರಾ ಬಳಲಿದ ಹಿರಿಯರಿಗೆ ಡಯಾಲಿಸಿಸ್ ಇಲ್ಲದೆ, ತೊಂದರೆಗಳನ್ನಷ್ಟೇ ಶಮನ ಮಾಡುತ್ತಾ ನೋಡಿಕೊಳ್ಳುವುದೂ ಗೌರವದ ಚಿಕಿತ್ಸೆಯೇ. ಏನು ಬೇಕೆಂದು ಹೇಳುವ ಹಕ್ಕು ನಿಮ್ಮ ತಂದೆಯದು, ಅವರು ಗಟ್ಟಿಯಾಗಿರುವಾಗಲೇ ಒಮ್ಮೆ ಕೂತು ಮಾತಾಡಿ.

ಸದ್ಯಕ್ಕೆ ಎಸಿಆರ್, ಪೊಟ್ಯಾಸಿಯಂ, ಬೈಕಾರ್ಬನೇಟ್, ಹಿಮೋಗ್ಲೋಬಿನ್ ಮಾಡಿಸಿ. ಎಲ್ಲ ಹಳೆಯ ರಿಪೋರ್ಟುಗಳ ಕ್ರಿಯಾಟಿನಿನ್ ಅನ್ನು ದಿನಾಂಕದೊಂದಿಗೆ ಒಂದೇ ಹಾಳೆಯಲ್ಲಿ ಬರೆಯಿರಿ, ಆ ದಿನ ಜ್ವರವಿತ್ತೇ, ಯಾವ ಮಾತ್ರೆ ನುಂಗಿದ್ದರು ಎಂದು ಪಕ್ಕದಲ್ಲಿ ಗುರುತು ಹಾಕಿ. ಎಸಿಆರ್ 300 ದಾಟಿದರೆ, ಅಥವಾ ಕಾರಣವೇ ಕಾಣದೆ ಇಜಿಎಫ್‌ಆರ್ ವರ್ಷಕ್ಕೆ 5ಕ್ಕಿಂತ ಹೆಚ್ಚು ಇಳಿದರೆ ಕಿಡ್ನಿ ತಜ್ಞರು (ನೆಫ್ರಾಲಜಿಸ್ಟ್) ನೋಡಲೇಬೇಕು. ಎರಡೂ ಇಲ್ಲದಿದ್ದರೆ ನಿಮ್ಮ ಊರಿನ ಡಾಕ್ಟರೇ ನಾಲ್ಕರಿಂದ ಆರು ತಿಂಗಳಿಗೊಮ್ಮೆ ನೋಡಿಕೊಂಡು ಹೋಗಬಹುದು. ಮೂತ್ರ ಅರ್ಧಕ್ಕಿಂತ ಕಡಿಮೆಯಾದರೆ, ವಾಂತಿ-ಭೇದಿ ಒಂದು ದಿನ ದಾಟಿದರೆ, ಮಂಪರು ಕವಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಆ ಹಾಳೆ ಜೊತೆಗಿರಲಿ.